ಕಾಲಳತೆ

ಅಕ್ಕ ಇಸ್ತ್ರಿ ಮಾಡಿಟ್ಟಿದ್ದ ಪ್ಯಾಂಟು ಹಾಕಿಕೊಂಡ ಕೂಡಲೆ ಓಬುಲೇಶ ಕನ್ನಡಿಯ ಕಡೆ ನೋಡದೆ ತನ್ನ ಪಾದದ ಕಡೆ ನೋಡಿಕೊಂಡ. ಹೈಸ್ಕೂಲಿನಿಂದ ಅಂಟಿಕೊಂಡ ಚಾಳಿ ಇದು. ಪಾದದ ಮೇಲಿನ ಹರಡಿನ ಮೂಳೆ ಮುಚ್ಚಿದೆಯೋ ಇಲ್ಲವೋ? ಮುಚ್ಚಿತ್ತು. ಮುಚ್ಚದೆ ಏನು, ಅಕ್ಕನೇ ಅಳೆದು ಹೊಲಿದದ್ದು. ಅವನ ಉದ್ದಕ್ಕೆ ಮಡಕಶಿರದ ಯಾವ ಅಂಗಡಿಯಲ್ಲೂ ಪ್ಯಾಂಟು ಸಿಗುವುದಿಲ್ಲ ಎಂದು ಗೊತ್ತಾದಾಗಿನಿಂದ, ರಾಯದುರ್ಗಕ್ಕೆ ಮದುವೆಯಾಗಿ ಬಂದ ಈ ಅಕ್ಕ ಆದಿಲಕ್ಷ್ಮಿ, ತಾನು ದುಡಿಯುವ ಜೀನ್ಸ್ ಯುನಿಟ್ಟಿನಲ್ಲಿ ಉಳಿದ ಬಟ್ಟೆ ಕೇಳಿ ತಂದು ಅವನಿಗೆ ಹೊಲಿದು ಕಳಿಸುತ್ತಿದ್ದಾಳೆ. ಅವನು ಬೆಳೆಯುವ ವೇಗಕ್ಕೆ ಹೆದರಿ ಆಗೆಲ್ಲ ಕೆಳಗೆ ಗೇಣುದ್ದ ಬಟ್ಟೆಯನ್ನು ಒಳಗೆ ಮಡಿಸಿ ಹೊಲಿದಿರುತ್ತಿದ್ದಳು. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಒಂದೊಂದು ಮಡಿಕೆ ಬಿಚ್ಚಿ ಇಳಿಸುವಳು. ಬಿಚ್ಚಿದ ಜಾಗದಲ್ಲಿ ಹಳೆಯ ಮಡಿಕೆಯ ಗೆರೆ ಬೆಳ್ಳಗೆ ಉಳಿದುಬಿಡುತ್ತಿತ್ತು, ಎಷ್ಟು ಒಗೆದರೂ ಹೋಗದ ಗೆರೆ. ಕ್ಲಾಸಿನ ಹುಡುಗರು ಎತ್ತಿನ ಹಲ್ಲು ನೋಡಿದ ಹಾಗೆ ಅವನ ಕಾಲಿನ ಗೆರೆ ಎಣಿಸಿ ವಯಸ್ಸು ಹೇಳುತ್ತಿದ್ದರು. ನಗುವುದಕ್ಕೆ ಆ ಹುಡುಗರಿಗೆ ಕಾರಣವೇನೂ ಬೇಕಿರಲಿಲ್ಲ, ಆದರೂ ಕಾರಣವನ್ನು ಹೊಲಿದು ಕೊಟ್ಟವಳು ಅಕ್ಕ ಎಂದು ಅವನಿಗೆ ಆಗ ಸಿಟ್ಟಿತ್ತು. ಆ ಸಿಟ್ಟು ಪೂರ್ತಿ ಹೋಗಿಲ್ಲ ಅನ್ನುವುದು ಇಂಥ ಬೆಳಿಗ್ಗೆ, ಅವಳು ಒಳಗೆ ಅವನಿಗೆಂದೇ ಮಂಡಕ್ಕಿ ಒಗ್ಗರಣೆ ಕಲಸುತ್ತಿರುವಾಗ, ಗೊತ್ತಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಇವತ್ತು ಸಂತೋಷಪಡಬೇಕಾದ ದಿನ. ಹೊಸದಾಗಿ ಶುರುವಾಗುವ ಬ್ಯಾಸ್ಕೆಟ್‌ಬಾಲ್ ಲೀಗಿಗೆ ರಾಯದುರ್ಗದ ಜೀನ್ಸ್ ಮಾಲೀಕ ಸಂಜೀವಪ್ಪ ಒಂದು ತಂಡ ಮಾಡಿದ್ದಾನೆ, ದುರ್ಗ ಬ್ಲೂಸ್ ಅಂತ ಅದರ ಹೆಸರು, ಆಡಿದವರಿಗೆ ಸಂಬಳ. ಆ ತಂಡದಿಂದ ಕರೆ ಬಂದು ಓಬುಲೇಶ ನಿನ್ನೆ ಸಂಜೆ ಬಸ್ಸಿಳಿದಿದ್ದ. ಸಂತೋಷ ಬರುವ ದಾರಿಯಲ್ಲಿ ಮಾತ್ರ ಒಂದು ಇಂಗ್ಲಿಷ್ ಪದ ಅಡ್ಡಡ್ಡ ಮಲಗಿಕೊಂಡಿತ್ತು: ಅನ್‌ಸೋಲ್ಡ್. ಆಟಗಾರರ ಹರಾಜಿನ ದಿನ ಅವನು ತನ್ನೂರು ರತ್ನಗಿರಿಯ ಬಸ್ ನಿಲ್ಲುವ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಅದನ್ನು ನೋಡಿದ್ದ. ನೋಡದೇ ಇರಬಹುದಿತ್ತು, ಸುತ್ತ ಅರ್ಧ ಊರನ್ನು ಕೂರಿಸಿಕೊಂಡು ನೋಡಿದ್ದು ಅವನದೇ ದಡ್ಡತನ. ಕೋಟು ಹಾಕಿದವನೊಬ್ಬ ಅವನ ಹೆಸರು ಓದಿದ, ಎತ್ತರ ಓದಿದ, ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಯಾವ ಮೇಜಿನಿಂದಲೂ ಕೈ ಏಳಲಿಲ್ಲ. ಆಮೇಲೆ ಅವನು ಆ ಪದ ಹೇಳಿ, ಲೋಟ ಎತ್ತಿ ನೀರು ಕುಡಿದು ಮುಂದಿನ ಹೆಸರಿಗೆ ಹೋದ. ಓಬುಲೇಶನನ್ನು ಕೊಂದದ್ದು ಆ ಪದವಲ್ಲ, ಆ ನೀರು; ತನ್ನ ಹೆಸರು ಅಂದರೆ ಆ ಕೋಟಿನವನಿಗೆ ಗಂಟಲು ಒಣಗಿದ್ದು ಗೊತ್ತಾಗಲು ಸಿಕ್ಕ ಒಂದು ಬಿಡುವು. ಪಕ್ಕದಲ್ಲಿದ್ದ ಗೆಳೆಯ "ನೆಟ್‌ವರ್ಕು ಸರಿಯಿಲ್ಲ ಕಣ್ಲಾ, ಇನ್ನೊಂದ್ಸಲ ಕೂಗ್ತಾರೆ" ಎಂದಿದ್ದ. ಇಂಗ್ಲಿಷಿನ ಒಂದಕ್ಷರ ಬಾರದ ಟೀ ಅಂಗಡಿಯ ಲಕ್ಷ್ಮೀನರಸಪ್ಪ ಕೂಡ ಆ ಪದವನ್ನು ಎರಡೇ ದಿನಕ್ಕೆ ಕಲಿತು "ಬಾರಪ್ಪ ಅನ್‌ಸೋಲ್ಡು, ಟೀ ಕುಡೀತೀಯಾ" ಎಂದು ಪ್ರೀತಿಯಿಂದಲೇ ಕರೆದ. ಪ್ರೀತಿಯಿಂದ ಕರೆದದ್ದಕ್ಕೆ ಜಗಳವಾಡುವ ಹಾಗೂ ಇರಲಿಲ್ಲ.

ಹಾಗಿರುವಾಗ ಹೋದ ವಾರ ಫೋನು ಬಂತು. "ಓಬುಲೇಶ್ ಅವರೇನ್ರಿ? ನಾವು ರಾಯದುರ್ಗದಿಂದ್ರಿ, ಸಂಜೀವಪ್ಪನೋರ ಮ್ಯಾನೇಜರು. ನೀವು ನಮಗ ಬೇಕಾಗೀರಿ, ಲಗೂ ಬರ್ರಿ." ಬೇಕಾಗೀರಿ! ಆ ಸೀಮೆಯ ಮಾತು ತನ್ನ ಸೀಮೆಯದಲ್ಲವಾದರೂ ಕಿವಿಗೆ ಬೆಲ್ಲ ಹಾಕಿದಂತಾಯಿತು. ಮ್ಯಾನೇಜರು ಎತ್ತರ ಕೇಳಿದ, ಇವನು ಹೇಳಿದ. "ಸೊಂಟದಿಂದ ಕೆಳಗ ಕಾಲು ಎಷ್ಟು ಉದ್ದ ಬರ್ತೈತ್ರಿ?" ಎಂದು ಕೇಳಿದ. ಅದನ್ನೂ ಹೇಳಿದ. ಕಾಲಿನ ಉದ್ದ ಕೇಳುವ ತಂಡ ಎಂದರೆ ಲೆಕ್ಕ ಬಲ್ಲ ತಂಡ ಎಂದುಕೊಂಡು, ಕೇಳದೆ ಇದ್ದರೂ ಚಾಚಿದ ಕೈಗಳ ಅಳತೆ ಹೇಳಿದ, ನಿಂತಲ್ಲಿಂದ ಎಷ್ಟು ಎಗರುತ್ತೇನೆ ಅನ್ನುವುದನ್ನೂ ಹೇಳಿದ. ಆ ಕಡೆಯಿಂದ "ಆತು ಆತ್ರಿ, ಅದೆಲ್ಲ ಬಂದಮ್ಯಾಲ ನೋಡಾಣ" ಅನ್ನುವ ಉತ್ತರ ಬಂತು. ಫೋನಿಟ್ಟ ಮೇಲೆ ಲಕ್ಷ್ಮೀನರಸಪ್ಪನ ಅಂಗಡಿಗೆ ಹೋಗಿ, ಯಾರೂ ಕೇಳದಿದ್ದರೂ, ಇದ್ದವರಿಗೆಲ್ಲ ಟೀ ಕೊಡಿಸಿ ಬಂದಿದ್ದ.

"ಇನ್ನೊಂದಿಷ್ಟು ಹಾಕ್ಕೊಳೋ, ಓಡಾಡೋ ಕೆಲ್ಸ" ಎಂದು ಅಕ್ಕ ತಟ್ಟೆಗೆ ಮಂಡಕ್ಕಿ ಸುರಿದಳು.

"ಸಾಕಕ್ಕ. ಹೊಟ್ಟೆ ಭಾರ ಆದ್ರೆ ಎಗರಕ್ಕಾಗಲ್ಲ."

"ಕರೆದವ್ರೆ ಅಂದ್ಮೇಲೆ ಸುಮ್ಸುಮ್ನೆ ಕರೆದಿರ್ತಾರಾ. ನಾನೂ ಒಂದ್ ಮಾತು ಹಾಕಿದ್ದೆ ಕಣೋ."

ಅವನ ಕೈ ತಟ್ಟೆಯಲ್ಲೇ ನಿಂತಿತು. "ಯಾರತ್ರ?"

"ನಮ್ ಕಟಿಂಗ್ ಮಾಸ್ಟ್ರು ಕದರಪ್ಪ ಅಂತ ಅವ್ರಲ್ಲ, ಅವರತ್ರ. ಅವರ ಮಾತು ಅಂದ್ರೆ ಮಾಲೀಕರು ತೆಗೆದಾಕಲ್ಲ."

"ಇದು ಹೆಲ್ಪರ್ ಕೆಲ್ಸ ಅಲ್ಲಕ್ಕ, ಮಾಸ್ಟ್ರು ಹೇಳಿ ಸೇರಿಸ್ಕೊಳ್ಳಾಕೆ. ಆಟಕ್ಕೆ ಯಾರೂ ಮಾತು ಹಾಕಲ್ಲ. ನನ್ನ ಆಟ ನೋಡವ್ರೆ, ಕರೆದವ್ರೆ."

"ಆಯ್ತಪ್ಪ" ಎಂದಳು. ಅಕ್ಕನಿಗೆ ನೋವಾದರೆ ಮಾತಿನ ಕೊನೆಗೆ ಒಂದು ಅಪ್ಪ ಸೇರಿಕೊಳ್ಳುತ್ತದೆ, ಅಷ್ಟೆ. ಮುಖದಲ್ಲಿ ಏನೂ ಕಾಣಿಸುವುದಿಲ್ಲ. ಅವಳು ಊಟದ ಡಬ್ಬಿ ಕಟ್ಟಿಕೊಂಡು ಯುನಿಟ್ಟಿಗೆ ಹೊರಟು, ಬಾಗಿಲಲ್ಲಿ ತಿರುಗಿ ಅವನ ಕಾಲ ಕಡೆ ಒಂದು ಸಲ ನೋಡಿದಳು. ಎಲ್ಲರೂ ಮುಖ ನೋಡಿ ಹೋಗಿಬರುತ್ತೇನೆ ಅಂದರೆ ಅವಳು ಯಾವಾಗಲೂ ಕಾಲು ನೋಡಿ ಅನ್ನುತ್ತಾಳೆ ಎಂದುಕೊಂಡು ಅವನು ಶೂ ಲೇಸು ಬಿಗಿದ.

ಸಂಜೀವಪ್ಪ ತನ್ನ ಹಳೆಯ ಗೋಡೌನಿನಲ್ಲಿ ಮರದ ನೆಲ ಹಾಸಿ ಅಂಕಣ ಮಾಡಿಸಿದ್ದ. ಗೋಡೆಯ ಆ ಕಡೆ ಅಕ್ಕ ದುಡಿಯುವ ಯುನಿಟ್ಟು. ನೆಲ ಹೊಸದು, ವಾಸನೆ ಹಳೆಯದು. ನೀಲಿ ಬಣ್ಣ, ಬ್ಲೀಚು, ಒದ್ದೆ ಬಟ್ಟೆಯ ಮುಗ್ಗು. ತೊಲೆಗಳ ಮೇಲೆ ಕೂತಿದ್ದ ನೂಲಿನ ಧೂಳು ಚೆಂಡು ಪುಟಿದ ಅದುರಿಗೆ ಸಣ್ಣಗೆ ಉದುರುತ್ತಿತ್ತು. ಒಳಗೆ ಹೋಗುತ್ತಲೇ ನೀಲಿ ಅಂಗಿಯವರೆಲ್ಲ ಚೆಂಡು ನಿಲ್ಲಿಸಿ ಅವನನ್ನು ನೋಡಿದರು, ನೋಡಿ ಮತ್ತೆ ಆಡತೊಡಗಿದರು. ಒಂದೊಂದು ಬೆನ್ನ ಮೇಲೂ ಒಂದೊಂದು ಹೆಸರು. ಕೋಚ್ ಬಾಲರಾಜು ಅನಂತಪುರದವರು, ಪೊಲೀಸ್ ತಂಡಕ್ಕೆ ಆಡಿ ತಲೆ ಬೆಳ್ಳಗಾದ ಮನುಷ್ಯ. "ನುವ್ವೆವರಯ್ಯಾ?" ಎಂದು ತೆಲುಗಿನಲ್ಲಿ ಕೇಳಿದರು. ಈ ಸೀಮೆಯಲ್ಲಿ ಗದರುವುದಕ್ಕೆ ತೆಲುಗು, ಸಮಾಧಾನಕ್ಕೆ ಕನ್ನಡ. ಓಬುಲೇಶ ಹೆಸರು ಹೇಳಿದ, ಮ್ಯಾನೇಜರ್ ಫೋನು ಮಾಡಿದ್ದು ಹೇಳಿದ.

"ನನಗ್ಯಾರೂ ಹೇಳಿಲ್ವಲ್ಲ" ಎಂದರು ಬಾಲರಾಜು. "ಯಾವ ಟೀಮಿಗೆ ಸೇಲ್ ಆಗಿದ್ದೆ?"

"ಯಾವುದಕ್ಕೂ ಇಲ್ಲ ಸಾರ್."

"ಹೂಂ."

ಆ ಹೂಂ ಎಷ್ಟೋ ಹೊತ್ತು ಗೋಡೌನಿನಲ್ಲಿ ಸುತ್ತಿದ ಹಾಗೆ ಅವನಿಗೆ ಅನಿಸಿತು. ನೀಲಿ ಅಂಗಿ ಇವನಿಗೆ ಇರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳದಿ ಬನಿಯನ್ನೊಂದನ್ನು ಯಾರೋ ಎಸೆದರು. ಬೆವರಿ ಒಣಗಿ ಬೆವರಿ ಒಣಗಿ ಗಟ್ಟಿಯಾದದ್ದು, ಹೊಕ್ಕಳಿಗಿಂತ ಮೇಲೆ ನಿಲ್ಲುವಂಥದ್ದು. ಹಾಕಿಕೊಂಡ. ಹೊಟ್ಟೆ ಕಾಣುತ್ತಿತ್ತು. ಕಣೇಕಲ್ಲಿನ ಮಾರೇಶ, ಹರಾಜಿನಲ್ಲಿ ಮೊದಲ ಕೂಗಿಗೇ ಮಾರಾಟವಾದವನು, ಅವನ ಹೊಟ್ಟೆ ನೋಡಿ "ಏನ್ರೀ, ನಿಮ್ಮೂರಾಗ ಮಳಿ ಇಲ್ಲೇನು, ಅಂಗಿ ಇಷ್ಟು ಗಿಡ್ಡ ಬೆಳದೈತಿ" ಎಂದ. ಎಲ್ಲರೂ ನಕ್ಕರು. ಓಬುಲೇಶನೂ ನಕ್ಕ. ನಗದಿದ್ದರೆ ನೋವಾಯಿತೆಂದು ತಿಳಿಯುತ್ತಾರೆ, ನಕ್ಕರೆ ನಾಚಿಕೆಯಿಲ್ಲವೆಂದು ತಿಳಿಯುತ್ತಾರೆ. ಎರಡನೆಯದು ಪರವಾಗಿಲ್ಲ ಎಂದು ಅವನು ಬಹಳ ಹಿಂದೆಯೇ, ಕಾಲಿನ ಗೆರೆಗಳ ಕಾಲದಲ್ಲೇ, ತೀರ್ಮಾನ ಮಾಡಿಕೊಂಡಿದ್ದ.

ಆಮೇಲೆ ಆಟ ಶುರುವಾಯಿತು, ಆಟ ಶುರುವಾದ ಮೇಲೆ ಅವನಿಗೆ ತನ್ನ ನೆನಪಿರಲಿಲ್ಲ. ಎದುರು ಪಕ್ಷಕ್ಕೆ ಒಬ್ಬ ಬೇಕಾಗಿದ್ದ, ನಿಂತ. ಮಂಡಿ ತುಸು ಬಗ್ಗಿಸಿ, ಹಿಮ್ಮಡಿ ನೆಲಕ್ಕೆ ತಾಗಿಯೂ ತಾಗದ ಹಾಗೆ ಇಟ್ಟು, ಕೈ ಬಿಡಿಸಿ ನಿಲ್ಲುವ ನಿಲುವು. ವಿಷಲ್ ಕೇಳಿದರೆ ಸಾಕು ಮೈ ತಾನಾಗಿ ಆ ನಿಲುವಿಗೆ ಇಳಿಯುತ್ತದೆ. ಊರಿನ ಶಾಲೆಯ ಹಿಂದೆ ಒಂದೇ ಕಂಬಕ್ಕೆ ಕಟ್ಟಿದ ಕಬ್ಬಿಣದ ಬಳೆಗೆ, ನೆತ್ತಿಯ ಮೇಲೆ ಕೋಟೆಯ ಬೆಟ್ಟ ಬಿಸಿಲು ಕಾರುತ್ತಿರುವಾಗ, ಒಬ್ಬನೇ ಚೆಂಡು ಹಾಕಿ ಹಾಕಿ ಕಲಿತದ್ದು ಇದು. ಮಾರೇಶ ಎಡಗಡೆಯಿಂದ ನುಗ್ಗಿ ಎಗರಿದ. ಓಬುಲೇಶ ಎಗರಿದ್ದು ಅವನ ನಂತರ, ಮೇಲೆ ತಲುಪಿದ್ದು ಅವನಿಗಿಂತ ಮೊದಲು. ಚೆಂಡು ಅಂಗೈಗೆ ತಾಗಿದ ಸದ್ದು ಗೋಡೌನಿನ ತಗಡಿಗೆ ಕೇಳಿಸಿತು. ಮತ್ತೊಮ್ಮೆ ಬಂದ, ಮತ್ತೊಮ್ಮೆ ತಡೆದ. ಮೂರನೆಯ ಸಲ ಮಾರೇಶ ಬರುವ ಹಾಗೆ ಮಾಡಿ ಬರಲಿಲ್ಲ, ಚೆಂಡನ್ನು ಬೇರೆಯವನಿಗೆ ಕೊಟ್ಟ. ಆ ಕೊಟ್ಟದ್ದರಲ್ಲಿ ಒಂದು ಗೌರವವಿತ್ತು. ಅಂಗಿಯ ಬಗ್ಗೆ ಮತ್ತೆ ಯಾರೂ ಮಾತಾಡಲಿಲ್ಲ.

ವಿಷಲ್ ಊದಿ ಬಾಲರಾಜು ಹತ್ತಿರ ಬಂದರು. ಈ ಸಲ ಮೊದಲಿನಿಂದಲೇ ಕನ್ನಡ. "ಮೊನ್ನೆ ನಮ್ಮ ಹುಡುಗ ಒಬ್ಬ ಮಂಡಿ ತಿರುಗಿಸ್ಕೊಂಡು ಊರಿಗೆ ಹೋದ. ಆ ಜಾಗ ಖಾಲಿ ಐತಿ. ಸಾಯಂಕಾಲದ ಒಳಗ ನಾನು ಲೀಗಿನವರಿಗೆ ಒಂದು ಹೆಸರು ಹೇಳಿಬಿಡಬೇಕು. ಊಟ ಆದಮೇಲೆ ಐದೈದು ಮಂದೀನ ಆಡಿಸ್ತೀನಿ. ಅದರಾಗ ನಿನ್ನ ನೋಡ್ಬೇಕು ನಾನು. ಬರ್ತೀಯಲ್ಲ?"

"ಬರ್ತೀನಿ ಸಾರ್."

"ಹಳ್ದಿ ಬಿಚ್ಚಬ್ಯಾಡ."

ಹಳದಿ ಬನಿಯನ್ನನ್ನು ಅವನು ಊಟಕ್ಕೆ ಹೋಗುವಾಗಲೂ ಬಿಚ್ಚಲಿಲ್ಲ. ಮೈಗೆ ಕಚ್ಚುತ್ತಿದ್ದ ಅದೇ ಗಟ್ಟಿ ಬಟ್ಟೆ ಈಗ ಮೆತ್ತಗಾದಂತಿತ್ತು. ಅನ್‌ಸೋಲ್ಡ್ ಅನ್ನುವ ಪದವನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದ, ಅದು ಬೇರೆ ಯಾರದೋ ಹೆಸರಿನ ಹಾಗೆ ಕೇಳಿಸಿತು. ಅಷ್ಟರಲ್ಲಿ ಮ್ಯಾನೇಜರು ಬಂದು "ಮಾಲಕರು ಕರೀತಾರ್ರಿ, ಯುನಿಟ್ಟಿಗೆ ಬರ್ರಿ" ಎಂದ. ಸಹಿ ಹಾಕಿಸುವುದಕ್ಕೆ, ಎಂದುಕೊಂಡ ಓಬುಲೇಶ. ನಲ್ಲಿಯ ಕೆಳಗೆ ಮುಖ ತೊಳೆದು, ತಲೆಗೆ ನೀರು ಹಚ್ಚಿ ಬಾಚಿಕೊಂಡ. ಅಕ್ಕನಿಗೆ ಬೆಳಿಗ್ಗೆ ಹಾಗೆ ಅನ್ನಬಾರದಿತ್ತು. ಸಾಯಂಕಾಲ ಹೆಸರು ಗೊತ್ತಾದ ಮೇಲೆ ಅವಳಿಗೇ ಮೊದಲು ಹೇಳಬೇಕು, ಭಾವನ ಎದುರಿಗೆ ಹೇಳಬೇಕು, ಜೋರಾಗಿ ಹೇಳಬೇಕು.

ಯುನಿಟ್ಟಿನಲ್ಲಿ ಸಾಲುಸಾಲು ಹೆಂಗಸರು ತಲೆ ಬಗ್ಗಿಸಿ ಹೊಲಿಯುತ್ತಿದ್ದರು. ಅಷ್ಟೂ ಮಷೀನುಗಳ ಸದ್ದಿಗೆ ಮಾತು ಬಾಯಿ ಬಿಟ್ಟು ಹೊರಟರೂ ಕಿವಿ ಮುಟ್ಟುತ್ತಿರಲಿಲ್ಲ. ಅವನು ಹಾದುಹೋದಂತೆ ಒಬ್ಬೊಬ್ಬರೇ ತಲೆಯೆತ್ತಿ ನೋಡಿ, ಪಕ್ಕದವಳನ್ನು ಮೊಣಕೈಯಿಂದ ತಿವಿದು ನಕ್ಕರು. ಅದು ಎತ್ತರ ಕಂಡ ನಗುವಲ್ಲ, ಗುರುತು ಸಿಕ್ಕ ನಗು. ಅಕ್ಕ ಅವರಿಗೆಲ್ಲ ಹೇಳಿಟ್ಟಿದ್ದಾಳೆ. ಅವಳೊಬ್ಬಳು ಮಾತ್ರ ತಲೆಯೆತ್ತಲಿಲ್ಲ. ಬರುವ ನಗು ಮುಚ್ಚಿಟ್ಟುಕೊಂಡ ಹಾಗೆ ತುಟಿ ಬಿಗಿದು ಒಂದು ಜೇಬು ಕೂರಿಸುತ್ತಿದ್ದಳು.

"ಬರ್ರಿ ಬರ್ರಿ, ನಿಮ್ಮನ್ನೇ ಕಾಯಾಕ ಹತ್ತೀವಿ" ಎಂದು ಸಂಜೀವಪ್ಪ ಎರಡು ಕೈಯಿಂದಲೂ ಅವನ ಕೈ ಹಿಡಿದುಕೊಂಡ. ಒಳ್ಳೆಯ ಮನುಷ್ಯನ ಹಾಗೆಯೇ ಕಾಣುತ್ತಿದ್ದ, ಒಳ್ಳೆಯವನೇ ಇದ್ದರೂ ಇರಬಹುದು. ಓಬುಲೇಶನಿಗೆ ಆಮೇಲೆ ಎಷ್ಟು ಯೋಚಿಸಿದರೂ ಅವನಲ್ಲಿ ಒಂದು ಕೆಟ್ಟತನ ಹುಡುಕಲು ಆಗಲಿಲ್ಲ. ಸಂಜೀವಪ್ಪ ಅವನ ಮುಖ ನೋಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ, ಸೊಂಟದಿಂದ ಕೆಳಕ್ಕೆ ನೋಡುತ್ತಾ "ಕದರಪ್ಪಾ, ನೀ ಹೇಳಿದ್ದು ಖರೇನ ಬಿಡು" ಎಂದ.

ಕಟಿಂಗ್ ಮೇಜು ಕೋಣೆಯ ಉದ್ದಕ್ಕೂ ಇತ್ತು. ಅದರ ಹಿಂದೆ ಕಿವಿಗೆ ಸೀಸಪೆನ್ಸಿಲ್ ಸಿಕ್ಕಿಸಿಕೊಂಡ ಮುದುಕ ಕದರಪ್ಪ, ಅವನ ಮುಂದೆ ಉದ್ದುದ್ದ ಪ್ಯಾಂಟುಗಳ ಒಂದು ರಾಶಿ. ಆ ರಾಶಿಯ ಪಕ್ಕದಲ್ಲಿ, ಹೊಲಿಗೆಯನ್ನೆಲ್ಲ ಬಿಚ್ಚಿ ನಾಲ್ಕು ತುಂಡು ಮಾಡಿ, ಮೂಲೆಗೊಂದು ಕಬ್ಬಿಣದ ತೂಕವಿಟ್ಟು ಹರಡಿದ್ದ ಒಂದು ಹಳೆಯ ಪ್ಯಾಂಟು. ತುದಿಯಲ್ಲಿ ಒಂದರ ಮೇಲೊಂದು ಬೆಳ್ಳನೆಯ ಗೆರೆಗಳು. ತನ್ನದು ಎಂದು ಗೊತ್ತಾಗಲು ಓಬುಲೇಶನಿಗೆ ಹೊತ್ತು ಬೇಕಾಗಲಿಲ್ಲ. ಊರಲ್ಲಿ ಬಿಟ್ಟುಹೋಗಿದ್ದ ಪ್ಯಾಂಟು, ಹೋದ ಹಬ್ಬದಲ್ಲಿ ಅಕ್ಕ ಒಯ್ದದ್ದು. ಬೆತ್ತಲೆ ಮಲಗಿಸಿ ಯಾರೋ ತನ್ನ ಸುತ್ತ ಸೀಮೆಸುಣ್ಣದ ಗೆರೆ ಎಳೆದಿದ್ದಾರೆ ಅನ್ನಿಸಿತು.

ಸಂಜೀವಪ್ಪ ಸಾವಕಾಶವಾಗಿ ಹೇಳಿದ. ಹೊರದೇಶದಿಂದ ಒಂದು ಆರ್ಡರು ಬಂದಿದೆ, ಅಲ್ಲಿಯವರು ಬಹಳ ಎತ್ತರ, ಅಷ್ಟು ಉದ್ದದ ಜೀನ್ಸು ಈ ಊರಿನಲ್ಲಿ ಇದುವರೆಗೆ ಯಾರೂ ಕತ್ತರಿಸಿಲ್ಲ. ಏಜೆಂಟು ಗೊಂಬೆಯ ಮೇಲೆ ಹಾಕಿ ತೋರಿಸಿದರೆ ಒಪ್ಪುವುದಿಲ್ಲ, ಜೀವ ಇರುವ ಮೈಯ ಮೇಲೆ ನೋಡಬೇಕಂತೆ, ಬೂಟಿನ ಮೇಲೆ ಹೇಗೆ ಕೂರುತ್ತದೆ ಅಂತ. ಇಂಥ ಕಾಲು ಎಲ್ಲಿ ಹುಡುಕುವುದು ಅಂತ ತಲೆ ಕೆಡಿಸಿಕೊಂಡು ಕೂತಿದ್ದಾಗ ಆದಿಲಕ್ಷ್ಮಿ ಈ ಪ್ಯಾಂಟು ತಂದು ಕದರಪ್ಪನ ಮುಂದೆ ಇಟ್ಟಳು. "ನಿಮ್ಮಕ್ಕನ ಪುಣ್ಯ ನೋಡ್ರಿ. ಊಟ ಆದಮ್ಯಾಲ ಏಜೆಂಟ್ರು ಬರ್ತಾರ. ಮ್ಯಾಲ ಹತ್ತಿ ನಿಂತ್ರ ಸಾಕು."

"ಸಾರ್, ಊಟ ಆದ್ಮೇಲೆ ಆಟ ಐತೆ. ಕೋಚ್ ಸಾರು ಬಾ ಅಂದವ್ರೆ. ಸಾಯಂಕಾಲಕ್ಕೆ ಹೆಸರು ಹೇಳ್ಬೇಕಂತೆ."

"ಆಟ ಎಲ್ಲಿ ಹೋಗ್ತೈತ್ರಿ? ನಾಳೆನೂ ಇರ್ತೈತಿ. ಏಜೆಂಟ್ರು ನಾಳೆ ಇರಂಗಿಲ್ಲ." ಸಂಜೀವಪ್ಪ ಅವನ ಭುಜ ತಟ್ಟಲು ಕೈಯೆತ್ತಿ, ಎಟುಕದೆ ಬೆನ್ನು ತಟ್ಟಿದ. "ಟೀಮಿನಾಗ ನೀವು ಇದ್ದಂಗನ. ಒಂದು ನೀಲಿ ಅಂಗಿ ಕೊಡಿಸ್ತೀನಿ. ಫೋಟೋದಾಗ ಹಿಂದಿನ ಸಾಲಿಗೆ ನಿಂದರ್ರಿ, ಯಾರು ಬ್ಯಾಡ ಅಂತಾರ? ಆಡವ್ರು ಆಡ್ತಾರ."

ಓಬುಲೇಶ ನೇರವಾಗಿ ಅಕ್ಕನ ಮಷೀನಿನ ಹತ್ತಿರ ಹೋದ. ಹೋಗುವಾಗ ಏನೇನೋ ಮಾತು ಜೋಡಿಸಿಕೊಂಡಿದ್ದ, ಹೋಗಿ ನಿಂತ ಮೇಲೆ "ಯಾಕಕ್ಕ ಹಿಂಗ್ ಮಾಡ್ದೆ" ಎಂದಷ್ಟೇ ಬಂತು.

ಅಕ್ಕ ಕಾಲು ತೆಗೆದು ಮಷೀನು ನಿಲ್ಲಿಸಿದಳು. ಅವಳಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. "ಯಾಕೆ, ಏನಾಯ್ತೋ? ಕರೆದ್ರಲ್ಲ ನಿನ್ನ? ಇಲ್ಲಿ ಯಾರನ್ನ ಕೆಲ್ಸಕ್ಕೆ ತಗೋಬೇಕಾದ್ರೂ ಮೊದ್ಲು ಸ್ಯಾಂಪಲ್ ಪೀಸ್ ತೋರ್ಸು ಅಂತಾರೆ. ನಾನೂ ಅಂಗೇ ಒಂದು ಜೇಬು ಹೊಲಿದು ತೋರ್ಸಿ ಸೇರಿದ್ದು. ನನ್ ತಮ್ಮನ್ನ ಆಟಕ್ಕೆ ತಗೊಳ್ಳಿ ಅಂದ್ರೆ ಏನು ತೋರ್ಸಲಿ ಹೇಳು. ನಿನ್ನ ಆಟನ ನಾನೆಂಗೆ ಕೈಯಾಗೆ ಹಿಡ್ಕೊಂಡು ಬರ್ಲಿ? ಪ್ಯಾಂಟಿತ್ತು, ತಂದೆ. ಇಂಥಾ ಕಾಲಿದ್ರೆ ಎಷ್ಟು ಎಗರ್ತಾನೋ ನೀವೇ ನೋಡಿ ಮಾಸ್ಟ್ರೇ ಅಂದೆ."

ಅವಳ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿದರೆ ಸಿಗುತ್ತಿರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. "ಅವರಿಗೆ ಆಟ ಬೇಕಿಲ್ಲ, ಕಾಲು ಬೇಕು. ಗೊಂಬೆ ಮಾಡಿ ನಿಲ್ಲಿಸ್ತಾವ್ರೆ ನನ್ನ. ಆ ಕಡೆ ನನ್ನ ಹೆಸರು ಕಳಿಸಕ್ಕೆ ಕಾಯ್ಕೊಂಡು ಕೂತವ್ರೆ, ಈಗ ಹೋಗ್ದಿದ್ರೆ ಮುಗೀತು. ಅವತ್ತೂ ನಿನ್ನ ಪ್ಯಾಂಟಿಂದ್ಲೇ ನನ್ನ ಮಾನ ಹೋಗಿದ್ದು. ಇವತ್ತೂ ಅದರಿಂದ್ಲೇ." ಸದ್ದಿನ ನಡುವೆ ಕೇಳಿಸಲೆಂದು ಕೂಗಿಯೇ ಹೇಳಿದ್ದ. ಪಕ್ಕದ ಮಷೀನಿನವಳು ಅದೇ ಹೊತ್ತಿಗೆ ದಾರ ಬದಲಿಸಲು ನಿಲ್ಲಿಸಿದ್ದಳು. ಅವಳಿಗೂ ಕೇಳಿಸಿತು, ಅವಳ ಆಚೆಯವಳಿಗೂ ಕೇಳಿಸಿತು. ತಮ್ಮನ ಬಗ್ಗೆ ಅಕ್ಕ ಇಷ್ಟು ದಿನ ಹೇಳಿಕೊಂಡಿದ್ದೆಲ್ಲ ಆ ಸಾಲಿನ ಉದ್ದಕ್ಕೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ ಹೋದದ್ದನ್ನು ಓಬುಲೇಶ ಕಣ್ಣಾರೆ ನೋಡಿದ. ಅಕ್ಕನ ಮುಖದಲ್ಲಿ ಎಂದಿನಂತೆ ಏನೂ ಕಾಣಿಸಲಿಲ್ಲ. ಕತ್ತರಿಸಿದ ದಾರದ ಚೂರುಗಳನ್ನು ಮಡಿಲಿನಿಂದ ಕೊಡವಿ, "ಹೋಗಪ್ಪ" ಎಂದಳು. "ನೀನು ಆಟಕ್ಕೆ ಹೋಗು. ಇಲ್ಲಿ ನಾನು ಹೇಳ್ಕೊಂತೀನಿ."

ಏನು ಹೇಳಿಕೊಳ್ಳುತ್ತಾಳೆ? ಆದರೂ ಬಾಗಿಲು ತೆರೆದಿತ್ತು, ಅದರ ಆಚೆ ಗೋಡೌನಿನ ಗೋಡೆ ಕಾಣುತ್ತಿತ್ತು, ಹೋಗಬಹುದಿತ್ತು. ಅಕ್ಕನ ಕೆಲಸಕ್ಕೆ ಸಂಚಕಾರ ಬರುತ್ತದೆಂದು ಹೋಗಲಿಲ್ಲ ಎಂದು ಹೇಳಿಕೊಳ್ಳುವುದು ಮುಂದೆ ಅವನಿಗೆ ಬಹಳ ಅನುಕೂಲವಾಗುವುದಿತ್ತು. ನಿಜ ಅದಲ್ಲ. ತಂಡ ಸಂಜೀವಪ್ಪನದು, ಗೋಡೌನು ಸಂಜೀವಪ್ಪನದು, ಬಾಲರಾಜು ಊದುವ ವಿಷಲ್ ಕೂಡ ಸಂಜೀವಪ್ಪನದು. ಅವನ ಮಾತು ಮೀರಿದರೆ ಆಟವೂ ಇಲ್ಲ ಎಂದು ಹೆದರಿದ್ದ. ಜೊತೆಗೆ ಒಂದು ಹೀನ ಆಸೆ, ಏಜೆಂಟು ಬೇಗ ಬಂದರೆ ಬೇಗ ಮುಗಿಸಿ ಓಡಬಹುದು, ಎರಡೂ ಉಳಿಯುತ್ತವೆ ಅಂತ. ಇಂಥ ಆಸೆಯವರನ್ನು ಯಾರು ತಾನೆ ಕೊಳ್ಳುತ್ತಾರೆ ಎಂದು ಅನಿಸುತ್ತಿರುವಾಗಲೇ ಅವನು ಕದರಪ್ಪ ಕೊಟ್ಟ ಪ್ಯಾಂಟು ಹಾಕಿಕೊಂಡು, ಯಾರದೋ ಬೂಟು ಮೆಟ್ಟಿಕೊಂಡು, ಮೇಜು ಹತ್ತಿದ್ದ. ಒಗೆಯದ ಹೊಸ ಡೆನಿಮ್ಮು ತಗಡಿನ ಹಾಗೆ ಬಿರುಸಾಗಿತ್ತು, ಒಳಗೆ ಕಾಲಿದೆಯೋ ಕಂಬವಿದೆಯೋ ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ತಲೆ ತಗಡಿನ ಸೂರಿಗೆ ತಾಗುವಷ್ಟು ಹತ್ತಿರವಿತ್ತು. ಆ ಎತ್ತರದಿಂದ ಅಷ್ಟೂ ಹೆಂಗಸರ ಬೈತಲೆ ಕಾಣುತ್ತಿತ್ತು.

ಏಜೆಂಟು ಬಂದದ್ದು ತಡವಾಗಿ. ಬಂದವನು ಇವನಿಗೆ ನಮಸ್ಕಾರವನ್ನೂ ಮಾಡದೆ ಫೋನು ತೆಗೆದು ವೀಡಿಯೊ ಹಿಡಿದ. ಸಂಜೀವಪ್ಪ "ನಮ್ಮ ಟೀಮಿನ ಪ್ಲೇಯರ್ರಿ, ಮುಖಾನೂ ತಗೊಳ್ರಿ" ಎಂದಾಗ ಏಜೆಂಟು "ತಲಿ ಬ್ಯಾಡ್ರಿ, ಸೊಂಟದಿಂದ ಕೆಳಗ ಸಾಕು" ಎಂದ. ಉದ್ದ ಗುರುತು ಮಾಡುವುದಷ್ಟೇ ಬಾಕಿ. ಕದರಪ್ಪ ತಾನು ಬಗ್ಗಲಾರದೆ ಸೊಂಟ ಹಿಡಿದುಕೊಂಡು "ಆದಿಲಕ್ಷ್ಮೀ, ಬಾರವ್ವಾ, ನಿಮ್ಮ ತಮ್ಮನ ಕಾಲು ನೀನ ಬಲ್ಲಿ, ನೀನ ಪಿನ್ ಹಾಕು" ಎಂದು ಕರೆದ. "ನೋಡಿ ಹಾಕು. ಈ ಪಿನ್ನಿನ ಮ್ಯಾಲ ಇಡೀ ಆರ್ಡರಿನ ಲಾಟು ಕಟ್ ಆಗ್ತೈತಿ. ತಪ್ಪಿದ್ರ ಪಿನ್ ಹಾಕಿದಾಕಿ ಮನೀಗೆ." ನಗುತ್ತಲೇ ಹೇಳಿದ. ಹೋದ ವರ್ಷ ಹಾಗೆ ಮನೆಗೆ ಹೋದವಳು ಒಬ್ಬಳಿದ್ದಳೆಂದು ಆ ಸಾಲಿನವರಿಗೆಲ್ಲ ಗೊತ್ತಿದ್ದುದರಿಂದ ಯಾರೂ ಜೊತೆಗೆ ನಗಲಿಲ್ಲ.

ಅಕ್ಕ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಮೇಜಿನ ಹತ್ತಿರ ನಿಂತಳು. ನಿಂತರೂ ಅವಳ ಮುಖ ಅವನ ಮೊಣಕಾಲಿಗಿಂತ ಸ್ವಲ್ಪ ಮೇಲೆ ಬರುತ್ತಿತ್ತು. ಅವನ ಚಿಕ್ಕಂದಿನಲ್ಲಿ ಅವನ ಕಾಲ ಮುಂದೆ ಕೂತು, ಹೀಗೇ ಪಿನ್ನು ಕಚ್ಚಿಕೊಂಡು, ನೆಟ್ಟಗೆ ನಿಲ್ಲೋ ಎಂದು ಬಾಯಿ ಬಿಟ್ಟು ಹೇಳುವ ಬದಲು ಬೆರಳಿನಿಂದ ಮಂಡಿಗೆ ಕುಟುಕುತ್ತಿದ್ದಳು. ಆಗ ಗೋಡೆಯ ಆಚೆ ವಿಷಲ್ ಕೇಳಿಸಿತು. ಆಮೇಲೆ ಚೆಂಡು. ನೆಲಕ್ಕೆ ಬಿದ್ದೇಳುವ ಸದ್ದು, ಶೂಗಳು ಕಿರುಗುಟ್ಟುವ ಸದ್ದು, ಮಾರೇಶ ಯಾರನ್ನೋ ಕೂಗಿದ್ದು. ಐದೈದು ಮಂದಿ. ಹತ್ತನೆಯವನು ಯಾರು? ತಾನು ಬಿಚ್ಚದೆ ಹಾಕಿಕೊಂಡೇ ಇದ್ದ ಹಳದಿ ಬನಿಯನ್ನು ಇಲ್ಲಿರುವಾಗ ಅಲ್ಲಿ ಆ ಜಾಗದಲ್ಲಿ ನಿಂತವನು ಏನು ಹಾಕಿಕೊಂಡಿದ್ದಾನೆ? ಅವನಿಗೆ ಗೊತ್ತಿಲ್ಲದ ಹಾಗೆ ಮೈ ತನ್ನ ನಿಲುವಿಗೆ ಇಳಿದಿತ್ತು. ಬಿರುಸು ಬಟ್ಟೆಯ ಒಳಗೆ ಎರಡೂ ಮಂಡಿ ಬಗ್ಗಿದ್ದವು, ಹಿಮ್ಮಡಿ ಹಗುರವಾಗಿತ್ತು. ಗೊತ್ತಾದ ಮೇಲೂ ಅವನು ನೆಟ್ಟಗಾಗಲಿಲ್ಲ. ಹೀಗೇ ಗುರುತು ಬೀಳಲಿ. ಅಷ್ಟು ಪ್ಯಾಂಟೂ ಗಿಡ್ಡಾಗಲಿ, ಇವರ ಲಾಟೇ ಹಾಳಾಗಲಿ. ಹೊರದೇಶದ ಎತ್ತರದವರೆಲ್ಲ ಹರಡು ತೋರಿಸಿಕೊಂಡು ನಡೆಯಲಿ. ಬಹಳ ದಿನಗಳ ಮೇಲೆ ಅವನಿಗೆ ಒಂದು ಸಂತೋಷ ಸಿಕ್ಕಿತು, ಕೊಳೆತದ್ದು, ಆದರೂ ಸಂತೋಷ.

ಅಕ್ಕನ ಕೈ ಬಟ್ಟೆಯ ತುದಿ ಹಿಡಿದು ನಿಂತಿತು. ಬೇರೆ ಯಾರಿಗೂ ತಿಳಿಯದು. ಆದರೆ ಗೇಣಿನಿಂದ ಗೇಣಿಗೆ ಆ ಕಾಲು ಬೆಳೆದದ್ದನ್ನು ಬೆರಳಿನಲ್ಲಿ ಬಲ್ಲವಳು ಅವಳು. ತಲೆಯೆತ್ತಿ ಅವನ ಮಂಡಿ ನೋಡಿದಳು, ಮಂಡಿಯಿಂದ ಮೇಲೆ, ಆ ದಿನ ಮೊದಲ ಸಲ, ಅವನ ಮುಖ ನೋಡಿದಳು. ಬೆರಳು ಕುಟುಕುತ್ತದೆ ಎಂದು ಅವನು ಕಾದ. ಗೋಡೆಯ ಆಚೆ ಮತ್ತೊಮ್ಮೆ ವಿಷಲ್ ಆಯಿತು, ಅವಳೂ ಅದನ್ನು ಕೇಳಿಸಿಕೊಂಡಳು. ಬಾಯಿಂದ ಒಂದು ಪಿನ್ನು ತೆಗೆದು, ತಲೆ ಬಗ್ಗಿಸಿ, ಅವನು ನಿಂತಿದ್ದ ಹಾಗೆಯೇ, ಬಗ್ಗಿದ ಕಾಲಿನ ಅಳತೆಗೇ, ಬಟ್ಟೆಯ ತುದಿ ಮಡಿಸಿ ಅದನ್ನು ಚುಚ್ಚಿದಳು. ಇನ್ನೊಂದು ಕಾಲಿಗೂ ಚುಚ್ಚಿದಳು. 

ಕದರಪ್ಪ ಕನ್ನಡಕ ಏರಿಸಿದ. "ಏನವ್ವಾ, ಸರಿ ಐತೇನು? ಇನ್ನೊಮ್ಮೆ ನೋಡ್ತೀಯೇನು?"

ನೋಡ್ತೀನಿ ಅನ್ನಕ್ಕ, ಎಂದು ಓಬುಲೇಶನ ಬಾಯಿಗೆ ಬಂತು. ತಾನೇ ಅನ್ನಬಹುದಿತ್ತು, ಮಾಸ್ಟ್ರೇ ಕಾಲು ಬಗ್ಗಿಸಿದ್ದೆ, ಮತ್ತೊಮ್ಮೆ ತಗೊಳ್ಳಿ ಅಂತ. ಅಂದರೆ ಅವಳ ಮಷೀನು ಉಳಿಯುತ್ತಿತ್ತು. ಅವನು ಮಂಡಿ ಬಗ್ಗಿಸಿಕೊಂಡೇ ನಿಂತ.

"ಸರಿ ಐತೆ ಮಾಸ್ಟ್ರೇ" ಎಂದಳು ಅಕ್ಕ. "ಇವನ ಕಾಲು ನನಗೆ ಗೊತ್ತಿಲ್ವಾ?"

ಕದರಪ್ಪ ಸೀಮೆಸುಣ್ಣದಿಂದ ಗೆರೆ ಎಳೆದ. ಏಜೆಂಟು ಫೋನು ಜೇಬಿಗೆ ಹಾಕಿ, ಸಂಜೀವಪ್ಪ ಕೊಡಿಸಿದ ನೀರು ಕುಡಿದ. ಎಲ್ಲರೂ ಆರ್ಡರಿನ ಮಾತಾಡುತ್ತಾ ಆ ಕಡೆ ತಿರುಗಿದ ಮೇಲೆ ಓಬುಲೇಶ ಮೆಲ್ಲಗೆ ಮಂಡಿ ನೆಟ್ಟಗೆ ಮಾಡಿದ. ಪ್ಯಾಂಟು ಬೂಟಿನಿಂದ ಮೇಲೆದ್ದು, ಹರಡಿನ ಮೂಳೆ ದಾಟಿ ನಿಂತಿತು. ಒಮ್ಮೆ ಕೆಳಗೆ ನೋಡಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಅಕ್ಕ ಅಲ್ಲೇ, ಆ ಮೂಳೆಯ ಮುಂದೆ, ಉಳಿದ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕುತ್ತಿದ್ದಳು.